ಡೆಲ್ಮೋರಾ ಕಾರಿನ ವಂಶಾವಳಿ

ಒಂದು ಹೆಸರು ಹೇಳಿ ಸುಮ್ಮನಾಗುವುದು ನನ್ನಿಂದ ಆಗದ ಕೆಲಸ. ಇದು ನನ್ನ ತಪ್ಪಲ್ಲ, ಬೆಳೆದ ರೀತಿ ಹಾಗೆ. ಚಿಕ್ಕಂದಿನಲ್ಲಿ ನಮ್ಮಜ್ಜಿ ದಿನವೂ ಸಂಜೆ ಕಾವ್ಯ ಓದುತ್ತಿದ್ದಳು, ನಾನು ಗೋಡೆಗೊರಗಿ ಕೇಳುತ್ತಿದ್ದೆ. ಆ ಪದ್ಯಗಳಲ್ಲಿ ಒಬ್ಬ ರಾಜ ಕಾಣಿಸಿಕೊಂಡನೆಂದರೆ, ಅವನು ಇಂಥವನ ಮಗ, ಆ ಇಂಥವನು ಮತ್ತೊಬ್ಬನ ಮೊಮ್ಮಗ, ಅವನ ರಥ ಇಂಥ ಮರದ್ದು, ಕುದುರೆ ಇಂಥ ಬಣ್ಣದ್ದು ಎಂದೆಲ್ಲ ಹೇಳಿ ಮುಗಿಯುವ ತನಕ ಆ ಬಡಪಾಯಿ ಸಿಂಹಾಸನ ಬಿಟ್ಟು ಏಳುವಂತಿರಲಿಲ್ಲ. ಹೆಸರು ಹೇಳಿ ವಂಶ ಹೇಳದಿದ್ದರೆ ದೇವರು ಮೆಚ್ಚುವುದಿಲ್ಲ ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಗುಂಡಿ, ದಾರ, ಜಿಪ್ಪು ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವನಿಗೆ ಇದರಿಂದ ಉಪಯೋಗವೇನೂ ಇಲ್ಲ. ಕೋಟಿನ ಗುಂಡಿ ಕೇಳಿದವರಿಗೆ ನಾನು ಆ ಗುಂಡಿಯ ಹಿನ್ನೆಲೆ ಹೇಳತೊಡಗಿದರೆ ಅವರು ಮೆಲ್ಲಗೆ ಪಕ್ಕದ ಅಂಗಡಿಗೆ ಹೋಗಿ ಕೋಟಿಗೆ ಜಿಪ್ಪು ಹಾಕಿಸಿಕೊಳ್ಳುತ್ತಾರೆ.

ಕಾರು ಬಂದದ್ದು ಅಕ್ಕನಿಗಾಗಿ. ಅಕ್ಕ ಎಂದರೆ ನನ್ನನ್ನು ಸಾಕಿದವಳು, ತಿದ್ದಿದವಳು, ಮದುವೆ ಮಾಡಿಕೋ ಎಂದು ಹೇಳಿ ಹೇಳಿ ಕೊನೆಗೆ, ಬೇಡ ಬಿಡು, ಆ ಹುಡುಗಿ ಏನು ಪಾಪ ಮಾಡಿದ್ದಾಳೆ ಎಂದು ಕೈಬಿಟ್ಟವಳು. ಮಂಡಿಯ ಆಪರೇಷನ್ ಆದ ಮೇಲೆ ಅವಳ ಬಲಗಾಲು ಮಡಚಲು ಬರುತ್ತಿರಲಿಲ್ಲ. ಪ್ರತಿ ಗುರುವಾರ ಆಸ್ಪತ್ರೆಗೆ ಬಂದು ವ್ಯಾಯಾಮ ಮಾಡಿಸಿಕೊಳ್ಳಬೇಕು, ವಾರ ತಪ್ಪಿಸಿದರೆ ಕಾಲು ಕೋಲಿನಂತೆ ಹೀಗೇ ನಿಂತುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಾಡಿಗೆ ಕಾರಿನಲ್ಲಿ ಕೂರಿಸಿ ನೋಡಿದೆ. ಅಕ್ಕನ ಚಾಚಿದ ಪಾದ ಗೇರಿಗೂ ಡ್ರೈವರನ ಮಂಡಿಗೂ ನಡುವೆ ಹೋಗಿ ನಿಂತಿತು. ಆತ ಪಾಪ ಒಂದನೇ ಗೇರಿನಲ್ಲೇ ನಮ್ಮ ಫ್ಲ್ಯಾಟುಗಳ ಕಟ್ಟಡಕ್ಕೆ ಒಂದು ಪ್ರದಕ್ಷಿಣೆ ಹಾಕಿ ನಮ್ಮನ್ನು ಹೊರಟಲ್ಲೇ ಇಳಿಸಿ ಹೋದ.

ಕೊನೆಗೆ ಪರಿಚಯದ ಮೆಕ್ಯಾನಿಕ್ ಒಬ್ಬ ಅಕ್ಕನಿಗೆಂದೇ ಒಂದು ಕಾರು ಕಟ್ಟಿಕೊಟ್ಟ. ಕಟ್ಟಿಕೊಟ್ಟ ಎನ್ನುವುದೇ ಸರಿ. ಎಂಜಿನ್ ಒಂದು ಮನೆತನದ್ದು, ಬಾನೆಟ್ ಇನ್ನೊಂದರದ್ದು. ಎಡಗಡೆ ಬಾಗಿಲು ಹಸಿರು, ಬಲಗಡೆಯದು ಕಂದು. ಬಾನೆಟ್ಟನ್ನು ಹಗ್ಗದಿಂದ ಬಿಗಿದಿದ್ದ. ಅಕ್ಕನ ಸೀಟು ಮುಚ್ಚಿಹೋದ ಒಂದು ಚಿತ್ರಮಂದಿರದ್ದು. ಅದು ಹಳಿಯ ಮೇಲೆ ಬೇಕಾದಷ್ಟು ಹಿಂದಕ್ಕೆ ಸರಿಯುತ್ತಿತ್ತು, ಕಾಲನ್ನು ನೇರ ಚಾಚಿಕೊಂಡು ರಾಣಿಯ ಹಾಗೆ ಕೂರಬಹುದಿತ್ತು. ಕಾಗದಪತ್ರಗಳಲ್ಲಿ ಒಂದು ಕಂಪನಿಯ ಹೆಸರೇನೋ ಇತ್ತು. ಆದರೆ ಆ ಕಂಪನಿಯದು ಎಂದು ಹೇಳಿಕೊಳ್ಳಲು ಕಾರಿನಲ್ಲಿ ಉಳಿದಿದ್ದದ್ದು ಒಂದು ಕನ್ನಡಿ. ಅದರಲ್ಲೂ ಬಿರುಕು.

ಮೊದಲ ಗುರುವಾರ ಹೋಗಿಬಂದೆವು. ಅಕ್ಕ ದಾರಿಯುದ್ದಕ್ಕೂ ಅಂಗಡಿ, ಮರ, ನಾಯಿ ಎಲ್ಲವನ್ನೂ ಮಾತಾಡಿಸಿದಳು. ಕಾಲು ಒಂದಿಷ್ಟು ಬಾಗಿತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಭಾನುವಾರ ಕಟ್ಟಡದ ಸಂಘದ ಕಾರ್ಯದರ್ಶಿ ಕೆಳಗಿಳಿದು ಬಂದರು.

ಕಾರ್ಯದರ್ಶಿಯವರು ನಿವೃತ್ತ ಆಡಿಟರು. ಆವರಣದಲ್ಲಿ ಗುಜರಿ ಸಾಮಾನು ಇರಕೂಡದು ಎಂದು ನಿಯಮ ಮಾಡಿಸಿದವರು ಅವರೇ. ಆ ನಿಯಮದ ಪ್ರತಾಪಕ್ಕೆ ಸಿಕ್ಕಿ ಚಕ್ರವಿಲ್ಲದ ಸೈಕಲ್ಲುಗಳು, ಯಾರದೋ ತೊಟ್ಟಿಲು, ಮುದಿ ವಾಷಿಂಗ್ ಮೆಷಿನ್ ಎಲ್ಲ ಗತಿಸಿದ್ದವು. ಈಗ ಅವರು ನನ್ನ ಕಾರಿನ ಎದುರು, ಹೆಣದ ಗುರುತು ಹಿಡಿಯಲು ಬಂದವರಂತೆ ಕೈ ಹಿಂದೆ ಕಟ್ಟಿಕೊಂಡು ನಿಂತರು.

"ಏನಿದು?"

"ಕಾರು ಸಾರ್."

"ಕಾರು ಅಂತ ನೀವು ಹೇಳ್ತೀರಿ. ಬುಧವಾರ ಗುಜರಿ ಗಾಡಿ ಬರುತ್ತೆ. ಕಾರೇ ಆಗಿದ್ರೆ ಯಾವ ಕಂಪನಿದು, ಹೇಳಿ."

ಬುಧವಾರ ಗಾಡಿ ಬಂದರೆ ಗುರುವಾರ ಅಕ್ಕ ಹೋಗುವುದು ಹೇಗೆ? ಮೆಕ್ಯಾನಿಕ್ ಕಟ್ಟಿದ್ದು ಎಂದರೆ ಗುಜರಿಯೇ ಎಂದಾಗುತ್ತದೆ. ನನ್ನ ಬಾಯಿಂದ, ಎಲ್ಲಿಂದ ಬಂತೋ ದೇವರೇ ಬಲ್ಲ, "ಡೆಲ್ಮೋರಾ" ಎಂಬ ಮಾತು ಬಂತು.

ಅಷ್ಟಕ್ಕೇ ನಿಂತಿದ್ದರೆ ಕಾರ್ಯದರ್ಶಿಯವರು ಸ್ವಲ್ಪ ಯೋಚಿಸಿ ಹೊರಟುಹೋಗುತ್ತಿದ್ದರೇನೋ. ಆದರೆ ಅವರು, ಹಾಗೆಂದರೇನು ಎಂದು ಕೇಳಿಬಿಟ್ಟರು. ನನಗೆ ಇನ್ನೇನು ಬೇಕು?

ಇಬ್ಬರು ಅಣ್ಣತಮ್ಮಂದಿರಿದ್ದರು ಎಂದು ಶುರುಮಾಡಿದೆ. ಅಣ್ಣ ಗಡಿಯಾರ ರಿಪೇರಿಯವನು, ತಮ್ಮ ದೋಣಿ ಕಟ್ಟುವವನು. ಇಬ್ಬರೂ ಸೇರಿ ಹುಟ್ಟಿಸಿದ್ದು ಮೊದಲನೆಯ ಡೆಲ್ಮೋರಾ. ಅದಕ್ಕೆ ಮೂರೇ ಚಕ್ರ, ನಾಲ್ಕನೆಯದು ಅಹಂಕಾರ ಎಂದು ಅಣ್ಣನ ಅಭಿಪ್ರಾಯ. ಅದರ ಮಗ ಎರಡನೆಯ ಡೆಲ್ಮೋರಾ, ಗುಡ್ಡವನ್ನು ಹಿಂಬದಿಯಾಗಿ ಮಾತ್ರ ಹತ್ತುತ್ತಿತ್ತು. ಅದರ ಮಗ ಕೆರೆಗೆ ಬಿದ್ದರೂ ತೇಲಿದ ಕೀರ್ತಿಯುಳ್ಳದ್ದು. ಅದರ ಕುಡಿಯೇ ನಿಮ್ಮೆದುರು ನಿಂತಿರುವುದು. ಇದನ್ನು ಕಟ್ಟುವ ಹೊತ್ತಿಗೆ ಅಣ್ಣತಮ್ಮಂದಿರಿಗೆ ಬಣ್ಣದ ವಿಷಯದಲ್ಲಿ ಮನಸ್ತಾಪವಾಯಿತು. ಹಸಿರು ಎಂದ ಅಣ್ಣ ಎಡಭಾಗ ಕಟ್ಟಿದ, ಕಂದು ಎಂದ ತಮ್ಮ ಬಲಭಾಗ ಕಟ್ಟಿದ, ತಾಯಿ ನಡುವೆ ನಿಂತು ಬೆಸುಗೆ ಹಾಕಿಸಿದಳು. ಪ್ರಯಾಣವೆಂದರೆ ಒಂದು ನೋಟ ಎಂದು ತಮ್ಮ ನಂಬಿದ್ದರಿಂದ ಚಿತ್ರಮಂದಿರದ ಸೀಟು. ಎಂಜಿನ್ನು ಉಸಿರಾಡಲಿ ಎಂದು ಬಾನೆಟ್ಟಿಗೆ ಬೀಗದ ಬದಲು ಹಗ್ಗ. ಆ ಬೆಸುಗೆಯ ನಂತರ ತಾಯಿ ತೀರಿಕೊಂಡಳು, ಕಾರ್ಖಾನೆ ಮುಚ್ಚಿತು. ಈ ಜಾತಿಯದು ಜಗತ್ತಿನಲ್ಲಿ ಉಳಿದಿರುವುದು ಇದೊಂದೇ.

ತಾಯಿ ತೀರಿಕೊಂಡಳು ಎನ್ನುವಾಗ ನಾನು ಬಾನೆಟ್ಟಿನ ಮೇಲೆ ಮೆಲ್ಲಗೆ ಕೈಯಿಟ್ಟೆ. ಕಾರ್ಯದರ್ಶಿಯವರು ತಮಗರಿವಿಲ್ಲದಂತೆಯೇ ಹಿಂದೆ ಕಟ್ಟಿದ್ದ ಕೈಗಳನ್ನು ಮುಂದೆ ತಂದು ಕಟ್ಟಿಕೊಂಡರು.

ಆ ಹೊತ್ತಿಗೆ ಆವರಣದಲ್ಲಿ ನಡೆದಾಡುತ್ತಿದ್ದ ಮೇಷ್ಟ್ರು ಹತ್ತಿರ ಬಂದರು. ಅವರು ನೆಲಮಹಡಿಯಲ್ಲಿರುವವರು, ಹಿಂದೆ ಶಾಲೆಯಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದವರು. ಅವರೆದುರು ಚರಿತ್ರೆಯ ವಿಷಯ ಬಂದು ಅದು ಅವರಿಗೆ ಗೊತ್ತಿಲ್ಲದೆ ಹೋದದ್ದು ಇದುವರೆಗೆ ಇಲ್ಲ. ಡೆಲ್ಮೋರಾ ಎಂದ ಕೂಡಲೆ ಕಣ್ಣು ಮುಚ್ಚಿಕೊಂಡರು.

"ನಮ್ಮ ಸೋದರಮಾವನ ಮದುವೆಗೆ ಬಂದಿತ್ತು," ಎಂದರು. "ಬಿಳೀದು. ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡಿದ್ರು."

ನಾನು ಸುಳ್ಳು ಹೇಳುತ್ತಿರಲಿಲ್ಲವೋ ಏನೋ, ಬರೀ ನೆನಪಿಸಿಕೊಳ್ಳುತ್ತಿದ್ದೆನೇನೋ ಎಂದು ಒಂದು ಕ್ಷಣ ಅನ್ನಿಸಿಬಿಟ್ಟಿತು. ನನ್ನ ಬುದ್ಧಿಯ ಯೋಗ್ಯತೆ ಇಷ್ಟು.

ಹೋಗುವ ಮೊದಲು ಕಾರ್ಯದರ್ಶಿಯವರು ಕಂಪನಿಯ ಲಾಂಛನ ಎಲ್ಲಿ ಎಂದು ಕೇಳಿದರು. ಕಳ್ಳರ ಭಯಕ್ಕೆ ಒಳಗಿಟ್ಟಿದ್ದೇನೆ ಎಂದೆ. ಮರುದಿನ ಅಂಗಡಿಯಿಂದ ಒಂದು ದೊಡ್ಡ ಹಿತ್ತಾಳೆ ಗುಂಡಿ ತಂದೆ, ಚಳಿಗಾಲದ ಉದ್ದ ಕೋಟಿಗೆ ಹಾಕುವಂಥದ್ದು. ಅದರ ಮೇಲೆ ರೆಕ್ಕೆ ಬಿಚ್ಚಿದ ಒಂದು ಹಕ್ಕಿ ಇತ್ತು. ಬಾನೆಟ್ಟಿನ ತುದಿಗೆ ಅಂಟಿಸಿದೆ. ಎಷ್ಟು ಲಕ್ಷಣವಾಗಿ ಕೂತಿತೆಂದರೆ, ಇಷ್ಟು ದಿನ ಇದನ್ನು ಕೋಟುಗಳಿಗೆ ಹಾಕುತ್ತಿದ್ದದ್ದೇ ತಪ್ಪು ಎನಿಸಿತು.

ಮಂಗಳವಾರ ಸಂಜೆ ಸಂಘದ ಸಭೆ ನೆರೆಯಿತು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಯಾರಾದರೂ ಒತ್ತಾಯ ಮಾಡಿದರೆ ನಾಲ್ಕು ಮಾತಾಡಬೇಕೆಂದು ಅಂಗಿಗೆ ಇಸ್ತ್ರಿ ಮಾಡಿಸಿದ್ದೆ. ಒತ್ತಾಯ ಮಾಡುವ ಮೊದಲೇ ಎದ್ದು ನಿಂತೆ ಎಂದು ಆಮೇಲೆ ಜನ ಹೇಳಿದರು. ವಂಶಾವಳಿಯನ್ನು ಮೂಲದಿಂದ ಹೇಳಿದೆ, ಕೆರೆಗೆ ಬಿದ್ದು ತೇಲಿದ ಪ್ರಸಂಗವನ್ನು ಸ್ವಲ್ಪ ವಿಸ್ತರಿಸಿದೆ. ಕೆಲವರು ಕಣ್ಣೊರೆಸಿಕೊಂಡರು. ಎರಡನೇ ಮಹಡಿಯ ಒಬ್ಬರು, ತಮ್ಮ ಚಿಕ್ಕಪ್ಪ ಆ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುತ್ತಿದ್ದನೆಂದು ತಿಳಿಸಿದರು. ಹಸಿರೋ ಕಂದೋ ಎಂದು ಮೇಷ್ಟ್ರು ವಿಚಾರಿಸಿದರು. ಎರಡೂ, ಅವನು ಯಾರ ಮನಸ್ಸನ್ನೂ ನೋಯಿಸುವವನಲ್ಲ ಎಂದು ಉತ್ತರ ಬಂತು.

ಆಮೇಲೆ ನಿರ್ಣಯ ಓದಿದರು. ಕಾರು ಇನ್ನು ಮುಂದೆ ಕಟ್ಟಡದ ಹೆಮ್ಮೆ. ಅದರ ಮೇಲೆ ಚಪ್ಪರ, ಸುತ್ತ ಸರಪಳಿ, ಮುಂದೆ ಮುಟ್ಟಬಾರದು ಎಂಬ ಫಲಕ. ಕೀಲಿಕೈ ಕಾರ್ಯದರ್ಶಿಯವರ ಬಳಿ.

ಗುರುವಾರ ಒಂದು ಸಲ ಬೇಕಾಗುತ್ತದೆ ಎಂದು ನಾನು ಮೆಲ್ಲಗೆ ಹೇಳಿದೆ.

"ಪ್ರಪಂಚದಲ್ಲಿ ಉಳಿದಿರೋದು ಇದೊಂದೇ ಅಂತ ನೀವೇ ಹೇಳಿದ್ರಿ," ಎಂದರು ಕಾರ್ಯದರ್ಶಿ. "ಅದನ್ನ ತಗೊಂಡು ಹೋಗಿ ಬಸ್ಸು ಲಾರಿ ಮಧ್ಯೆ ಬಿಡ್ತೀರಾ? ನಿಮಗೆ ಮನಸ್ಸು ಬರುತ್ತಾ?"

ಸಭೆಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ನಿಜ ಹೇಳುತ್ತೇನೆ, ನನಗೆ ಮನಸ್ಸು ಬರಲಿಲ್ಲ. ಕೀಲಿಕೈ ತೆಗೆದು ಎರಡೂ ಕೈಗಳಿಂದ ಒಪ್ಪಿಸಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಕೇಳಿಸುತ್ತಿರುವಾಗ ಮೂರನೇ ಮಹಡಿಯಲ್ಲಿ ಒಬ್ಬ ಅಕ್ಕ ಇದ್ದಾಳೆಂಬುದು ನೆನಪಿಗೆ ಬರುವುದಿಲ್ಲ.

ಮೇಲೆ ಹೋದ ಮೇಲೆ ಬಂತು.

"ಕೀಲಿಕೈ ಎಲ್ಲೋ?"

"ಸಂಘದ ರಕ್ಷಣೆಯಲ್ಲಿದೆ ಅಕ್ಕ."

"ಯಾರಿಂದ ರಕ್ಷಣೆ?"

"ನಮ್ಮಿಂದ."

ಅಕ್ಕ ಸ್ಟೂಲಿನ ಮೇಲಿಟ್ಟಿದ್ದ ಕಾಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. "ನನಗೆ ಕಾಲು ಮಡಚಕ್ಕೆ ಬರಲ್ಲ, ನಿನಗೆ ನಾಲಿಗೆ ಮಡಚಕ್ಕೆ ಬರಲ್ಲ," ಎಂದಳು. "ಇಬ್ಬರನ್ನೂ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರು?"

ಆ ಗುರುವಾರ ತಪ್ಪಿತು. ಅಕ್ಕ ಕಿಟಕಿಯ ಬಳಿ ಕೂತು ಕೆಳಗೆ ಚಪ್ಪರ ಹಾಕುವುದನ್ನು ನೋಡಿದಳು. ಅದರ ಮುಂದಿನ ಗುರುವಾರವೂ ತಪ್ಪಿತು. ಅಷ್ಟರಲ್ಲಿ ಒಂದಿಷ್ಟು ಬಾಗಿದ್ದ ಮಂಡಿ ಮತ್ತೆ ಬಿಗಿದುಕೊಂಡಿತು. ಹಾಸಿಗೆಯಿಂದ ಏಳುವಾಗ ಅವಳು ಹಲ್ಲು ಕಚ್ಚುವುದು ನನಗೆ ಕಾಣಬಾರದೆಂದು ಮುಖ ಆಕಡೆ ತಿರುಗಿಸತೊಡಗಿದಳು. ಅವಳು ಬೈಯುತ್ತಿದ್ದರೆ ನನಗೆ ಚಿಂತೆಯಿಲ್ಲ. ಬೈಯುವುದನ್ನು ನಿಲ್ಲಿಸಿದ್ದಳು.

ನಾನು ಧೈರ್ಯ ಮಾಡಿ ಕಾರ್ಯದರ್ಶಿಯವರ ಬಾಗಿಲು ತಟ್ಟಿದೆ. ಡೆಲ್ಮೋರಾ ಎಂಬ ಕಂಪನಿಯೇ ಇಲ್ಲ, ಅಣ್ಣನೂ ಇಲ್ಲ, ತಮ್ಮನೂ ಇಲ್ಲ, ತಾಯಿ ತೀರಿಕೊಂಡೇ ಇಲ್ಲ, ಎಲ್ಲ ನಾನೇ ಹುಟ್ಟಿಸಿದ್ದು ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಆಚೀಚೆ ನೋಡಿ ಬಾಗಿಲು ಮುಚ್ಚಿದರು. ಹೊರಗಿನವರಿಗೆ ಹೀಗೇ ಹೇಳಬೇಕು, ಭದ್ರತೆಯ ದೃಷ್ಟಿಯಿಂದ ಬಹಳ ಒಳ್ಳೆಯ ಉಪಾಯ ಎಂದು ಮೆಚ್ಚಿಕೊಂಡರು. ನನಗೆ ಇಷ್ಟೊಂದು ಮುಂದಾಲೋಚನೆ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲವಂತೆ. ಕಾಫಿ ಕೊಟ್ಟು ಕಳಿಸಿದರು.

ಅಲ್ಲಿಂದ ಮೇಷ್ಟ್ರ ಮನೆಗೆ ಹೋದೆ. ಅವರು ನನ್ನ ಮಾತನ್ನು ನಂಬಿದರು, ಅದೇ ಫಜೀತಿಯಾದದ್ದು.

"ಹಾಗಾದ್ರೆ ನಮ್ಮ ಮಾವನ ಮದುವೆಗೆ ಬಂದಿದ್ದು ಯಾವ ಕಾರು?" ಎಂದು ಕೇಳಿದರು.

ನನಗೆ ಗೊತ್ತಿಲ್ಲ ಎಂದೆ.

"ಗೊತ್ತಿಲ್ಲ ಅಂದ್ಮೇಲೆ ಮಾತಾಡಬಾರದು. ನಾನು ಅದರಲ್ಲಿ ಕೂತಿದ್ದೀನಿ. ನೀವು ಕೂತಿದ್ರಾ?"

ಕೂತಿರಲಿಲ್ಲ ಎಂದು ಒಪ್ಪಿಕೊಂಡೆ. ಆಗ ಅವರು ಸಮಾಧಾನದಿಂದ ನನ್ನನ್ನು ಕೂರಿಸಿ, ಅಣ್ಣತಮ್ಮಂದಿರು ಇಬ್ಬರಲ್ಲ, ಮೂವರು ಎಂದು ತಿದ್ದಿದರು. ಮೂರನೆಯವನು ಸೂಕ್ಷ್ಮ ಸ್ವಭಾವದವನು, ಹಾರನ್ನುಗಳನ್ನು ನೋಡಿಕೊಳ್ಳುತ್ತಿದ್ದ. ನಾನು ಅವನನ್ನು ಬಿಟ್ಟಿದ್ದು ದೊಡ್ಡ ಲೋಪವಂತೆ. ಕೇಳುತ್ತಾ ಕೇಳುತ್ತಾ ನನಗೆ ಹೊಟ್ಟೆ ಉರಿಯಿತು. ಮೂರನೆಯವನು ನನಗೆ ಯಾಕೆ ಹೊಳೆಯಲಿಲ್ಲ?

ಇಷ್ಟರಲ್ಲಿ ಕಾರ್ಯದರ್ಶಿಯವರು ಹಳೆಯ ವಾಹನಗಳ ಸಂಘವೊಂದಕ್ಕೆ ಬರೆದು, ನಮ್ಮ ಡೆಲ್ಮೋರಾಗೆ ಮಾನ್ಯತೆ ಕೊಡಬೇಕೆಂದು ಕೇಳಿಕೊಂಡಿದ್ದರು. ಎರಡು ತಪ್ಪಿದ ಮೇಲಿನ ಗುರುವಾರ ಬೆಳಿಗ್ಗೆ ತಜ್ಞರು ಬಂದರು. ಕೈಗೆ ಬಿಳಿ ಗವಸು, ಕೊರಳಿಗೆ ದಾರ ಕಟ್ಟಿದ ಭೂತಗನ್ನಡಿ. ಮಾತಿಗೆ ಮೊದಲು ಸಣ್ಣಗೆ ಕೆಮ್ಮುವ ಅಭ್ಯಾಸ. ಚಪ್ಪರದ ಸುತ್ತ ಇಡೀ ಕಟ್ಟಡ ನಿಂತಿತ್ತು. ಅಕ್ಕ ಕೂಡ ಕೋಲು ಹಿಡಿದು ಲಿಫ್ಟಿನಲ್ಲಿ ಇಳಿದು ಬಂದು ಗೋಡೆಗೆ ಒರಗಿಕೊಂಡಳು.

ಕಾರ್ಯದರ್ಶಿಯವರು ಡೆಲ್ಮೋರಾ ಎಂದಾಗ ತಜ್ಞರ ಮುಖದಲ್ಲಿ ಏನೋ ಒಂದು ಹಾದುಹೋಯಿತು. ಉಳಿದವರಿಗೆ ಅದು ಗಾಂಭೀರ್ಯದ ಹಾಗೆ ಕಂಡಿರಬೇಕು. ನನಗೆ ಮಾತ್ರ ಗುರುತು ಸಿಕ್ಕಿತು. ಗೊತ್ತಿಲ್ಲ ಎಂದು ಹೇಳಲು ಬಾರದವನ ಮುಖ ಅದು. ಆ ಮುಖಕ್ಕೆ ನಾನು ದಿನಾ ಕನ್ನಡಿಯ ಮುಂದೆ ಕ್ಷೌರ ಮಾಡುತ್ತೇನೆ.

"ಡೆಲ್ಮೋರಾಗಳನ್ನ ನಾನು ಸಾಕಷ್ಟು ನೋಡಿದ್ದೀನಿ," ಎಂದರು ತಜ್ಞರು.

ಸಾಕಷ್ಟು ಎಂಬ ಮಾತಿಗೆ ಕಾರ್ಯದರ್ಶಿಯವರ ಮುಖ ಕಪ್ಪಿಟ್ಟಿತು. ತಜ್ಞರು ಸರಪಳಿ ದಾಟಿ ಒಳಹೊಕ್ಕರು. ಚಕ್ರಕ್ಕೆ ಕಿವಿಯಿಟ್ಟರು. ಹಗ್ಗವನ್ನು ಮೂಸಿದರು. ಚಿತ್ರಮಂದಿರದ ಸೀಟನ್ನು ಮುಂದಕ್ಕೆ ಎಳೆದು ಹಿಂದಕ್ಕೆ ತಳ್ಳಿದರು. ಕೊನೆಗೆ ಬಾನೆಟ್ಟಿನ ತುದಿಯ ಹಿತ್ತಾಳೆ ಗುಂಡಿಯ ಮೇಲೆ ಭೂತಗನ್ನಡಿ ಹಿಡಿದು ಬಾಗಿದವರು ಬಹಳ ಹೊತ್ತು ಏಳಲಿಲ್ಲ.

"ಅಸಲಿ ಡೆಲ್ಮೋರಾದ ಹಕ್ಕಿ ಬಲಕ್ಕೆ ನೋಡುತ್ತೆ," ಎಂದರು ಎದ್ದು, ಗವಸು ಕೊಡವುತ್ತಾ. "ಇದು ಎಡಕ್ಕೆ ನೋಡ್ತಿದೆ. ಕ್ಷಮಿಸಿ. ಇದು ನಕಲಿ."

ನಮ್ಮ ಅಂಗಡಿಯ ಅದೇ ಡಬ್ಬಿಯಲ್ಲಿ ಬಲಕ್ಕೆ ನೋಡುವ ಹಕ್ಕಿಗಳೂ ಒಂದು ಹಿಡಿ ಇದ್ದವು. ಓಡಿಹೋಗಿ ಒಂದನ್ನು ತರಲೇ ಎಂದು ಬಾಯಿಗೆ ಬಂದಿತ್ತು.

ಇಲ್ಲಿ ಒಬ್ಬ ಬುದ್ಧಿಯಿರುವ ಮನುಷ್ಯ ಏನು ಮಾಡುತ್ತಿದ್ದ? ಕಾರು ಬಿಡುಗಡೆಯಾಯಿತು ಎಂದು ದೇವರಿಗೆ ಕೈಮುಗಿದು, ಕೀಲಿಕೈ ಇಸಿದುಕೊಂಡು ಹೊರಡುತ್ತಿದ್ದ. ನಾನು ಸರಪಳಿ ದಾಟಿ ತಜ್ಞರ ಎದುರು ನಿಂತೆ. ಯಾರಪ್ಪಾ ನೀನು ನಕಲಿ ಎನ್ನಲು ಎಂಬರ್ಥದ ಮಾತನ್ನು ಆದಷ್ಟು ಮರ್ಯಾದೆಯಿಂದ ಕೇಳಿದೆ. ಮೂರು ಚಕ್ರದ ಮೂಲಪುರುಷನಿಂದ ಹಿಡಿದು ಗುಡ್ಡ ಹತ್ತಿದ್ದನ್ನು, ಕೆರೆಯಲ್ಲಿ ತೇಲಿದ್ದನ್ನು ಒಂದೊಂದಾಗಿ ಹೇಳಿದೆ. ಗೊತ್ತಿಲ್ಲದಂತೆ ದನಿ ಅಜ್ಜಿಯ ರಾಗಕ್ಕೆ ತಿರುಗಿತ್ತು. ತಾಯಿ ನಡುವೆ ನಿಂತು ಬೆಸುಗೆ ಹಾಕಿಸಿದ ಜಾಗವನ್ನು ಬೆರಳಿಟ್ಟು ತೋರಿಸಿದೆ, ಕಣ್ಣೀರು ನಿಜವಾಗಿಯೂ ಬಂತು. ಆವೇಶದಲ್ಲಿ ಮೇಷ್ಟ್ರು ಹೇಳಿದ ಮೂರನೆಯವನನ್ನೂ ಸೇರಿಸಿಕೊಂಡೆ. ಬೆಂಬಲಕ್ಕೆಂದು ಅವರ ಕಡೆ ತಿರುಗಿದೆ.

ಮೇಷ್ಟ್ರು ತಜ್ಞರ ಪಕ್ಕಕ್ಕೆ ಸರಿದು ನಿಂತಿದ್ದರು. "ನನಗೆ ಮೊದಲೇ ಅನುಮಾನ ಇತ್ತು," ಎಂದರು. "ನಮ್ಮ ಮಾವನ ಮದುವೆಗೆ ಬಂದಿದ್ದರ ಹಕ್ಕಿ ಬಲಕ್ಕೇ ನೋಡ್ತಿತ್ತು."

ಇನ್ನೂ ಏನೇನು ಹೇಳುತ್ತಿದ್ದೆನೋ. ಅಷ್ಟರಲ್ಲಿ ಅಕ್ಕ ಕೋಲನ್ನು ಸರಪಳಿಗೆ ಒಮ್ಮೆ ಬಡಿದಳು.

"ಲೋ. ಅಷ್ಟು ದೊಡ್ಡವರು ನಕಲಿ ಅಂತಿದ್ದಾರೆ. ಹೌದು ಅನ್ನು."

"ಅಕ್ಕ, ಆದ್ರೆ ಅಸಲು ನೋಡಿದ್ರೆ..."

"ಇವತ್ತು ಗುರುವಾರ ಕಣೋ."

ಅಷ್ಟೇ ಹೇಳಿದಳು. ಇಷ್ಟು ಹೊತ್ತು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ನಾನು ತಲೆ ತಗ್ಗಿಸಿ, ಹೌದು, ನಕಲಿ ಎಂದೆ. ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ. ದೇವರು ಅದನ್ನು ಯಾವ ಲೆಕ್ಕಕ್ಕೆ ಹಾಕಿಕೊಂಡನೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆದರೆ ಅಣ್ಣ, ತಮ್ಮ, ತಾಯಿ ಎಲ್ಲರನ್ನೂ ಒಂದೇ ಮಾತಿನಲ್ಲಿ ಕೊಂದ ಹಾಗಾಯಿತು.

ಕಾರ್ಯದರ್ಶಿಯವರ ಕೋಪ ನೋಡುವಂತಿತ್ತು. ಕಟ್ಟಡದ ಮರ್ಯಾದೆ ಹೋಯಿತು, ಚಪ್ಪರಕ್ಕೆ ಹಾಕಿದ ಬಟ್ಟೆ ಹೋಯಿತು ಎಂದು ಶುರುಮಾಡಿ, ಇಂಥ ನಕಲಿ ಡೆಲ್ಮೋರಾ ಈ ಆವರಣದಲ್ಲಿ ಒಂದು ನಿಮಿಷವೂ ಇರಬಾರದು, ಈಗಲೇ ಗೇಟಿನಾಚೆ ಹೋಗಬೇಕು ಎಂದು ಕೀಲಿಕೈಯನ್ನು ನನ್ನತ್ತ ಎಸೆದರು. ಇನ್ನು ಮುಂದೆ ಎಲ್ಲಿ ನಿಲ್ಲಿಸಲಿ ಎಂದು ನಾನು ದೀನನಾಗಿ ಕೇಳಿದೆ. ಗೇಟಿನಾಚೆಯ ರಸ್ತೆ ಇವರಪ್ಪಂದಲ್ಲ, ಅಲ್ಲಿ ಮರದ ಕೆಳಗೆ ಎಷ್ಟು ಬೇಕಾದರೂ ಜಾಗ ಇದೆ ಎಂದು ಅಕ್ಕ ಹೇಳಿದಳು. ಅವಳು ಆಗಲೇ ಹಸಿರು ಬಾಗಿಲು ತೆಗೆದು, ಸೀಟನ್ನು ಹಿಂದಕ್ಕೆ ಸರಿಸಿ, ಎರಡೂ ಕೈಯಲ್ಲಿ ಕಾಲನ್ನು ಎತ್ತಿ ಒಳಗಿಟ್ಟು ಕೂತಾಗಿತ್ತು.

ಕೀಲಿ ತಿರುಗಿಸಿದೆ. ಚಪ್ಪರದ ಕೆಳಗೆ ಸುಖವಾಗಿ ನಿಂತು ನಿಂತು ಕಾರಿಗೆ ಸೋಮಾರಿತನ ಹತ್ತಿತ್ತು. ಒಂದು ಸಲ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ಕಾರ್ಯದರ್ಶಿಯವರು ಗಡಿಯಾರ ನೋಡಿಕೊಂಡರು. ಆಮೇಲೆ ಬೇರೆ ದಾರಿ ಕಾಣದೆ, ಅಂಗಿಯ ತೋಳು ಮಡಚಿ ತಾವೇ ಹಿಂದಿನಿಂದ ನೂಕತೊಡಗಿದರು. ಅವರು ನೂಕುವುದನ್ನು ಕಂಡು ಮೇಷ್ಟ್ರು ಕೈ ಕೊಟ್ಟರು. ಮೇಷ್ಟ್ರನ್ನು ಕಂಡು ಬಣ್ಣದ ಚಿಕ್ಕಪ್ಪನ ಮಾತೆತ್ತಿದ್ದ ಎರಡನೇ ಮಹಡಿಯವರು ಬಂದರು. ಕೊನೆಗೆ ಬಿಳಿ ಗವಸಿನ ತಜ್ಞರೂ ಬಂದರು. ಇಡೀ ಸಭೆ ಸೇರಿ ನನ್ನನ್ನೂ ಅಕ್ಕನನ್ನೂ ಗೇಟಿನ ಕಡೆ ನೂಕಿಕೊಂಡು ಹೊರಟಿತು. ಇಷ್ಟು ವೈಭವದಿಂದ ನಾವು ಎಲ್ಲಿಗೂ ಹೋದದ್ದಿಲ್ಲ.

"ಅಸಲಿ ಆಗಿದ್ರೆ ಹೀಗೆ ನೂಕಿಸ್ಕೊಳ್ತಿರಲಿಲ್ಲ," ಎಂದು ಮೇಷ್ಟ್ರು ಏದುಸಿರಿನ ನಡುವೆ ಹೇಳುವುದು ಕೇಳಿಸಿತು.

ಅಸಲಿ ಡೆಲ್ಮೋರಾ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಅದರ ಗತ್ತೇ ಬೇರೆ ಎಂದು ತಜ್ಞರು ಒಪ್ಪಿದರು. ನನಗೆ ತಡೆಯಲಾಗಲಿಲ್ಲ. ಒಂದೇ ಸಲಕ್ಕೆ ಯಾಕೆ ಸ್ಟಾರ್ಟ್ ಆಗುತ್ತದೆ ಎಂಬುದಕ್ಕೆ ಅಣ್ಣನ ಗಡಿಯಾರ ವಿದ್ಯೆಗೆ ಸಂಬಂಧಪಟ್ಟ ಒಂದು ಕಾರಣ ಆಗಷ್ಟೇ ಹೊಳೆದಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅದು ಹೇಗೆ ಅಂದ್ರೆ ಸಾರ್..." ಎಂದೆ.

ಅಕ್ಕ ನನ್ನ ಕಾಲರ್ ಹಿಡಿದು ಒಳಕ್ಕೆಳೆದುಕೊಂಡಳು.

"ರಸ್ತೆ ನೋಡೋ."

ಗೇಟು ದಾಟಿ ಇಳಿಜಾರಿಗೆ ಬಿದ್ದ ಕಾರು ಕೆಮ್ಮಿ, ಕೊಸರಾಡಿ, ಹತ್ತಿಕೊಂಡಿತು. ಅಕ್ಕ ಕಾಲನ್ನು ಇನ್ನೂ ಒಂದಿಷ್ಟು ಚಾಚಿದಳು. ನಾನು ರಸ್ತೆ ನೋಡಿದೆ.